ಗಾಳಿ ಕುಡಿಯುವ ಕೊಳವೆ ಎಷ್ಟುದ್ದ ಇರಬೇಕು?

ಕಂಪ್ಲಿ ಕಡೆಯ ಭತ್ತದ ಗದ್ದೆಗಳ ನಡುವೆ ಹೋಗುವಾಗ ಡೀಸೆಲ್ ಪಂಪ್‌ಸೆಟ್ಟಿನ ಸದ್ದು ಕೇಳಿದರೆ ಗಾಡಿ ನಿಲ್ಲಿಸುವ ಚಟ ನನಗೆ. ಕರೆಂಟಿನ ಮೋಟಾರುಗಳು ಬಂದಮೇಲೆ ಅವು ಕಡಿಮೆಯಾಗಿವೆ, ಆದರೂ ಹೊಳೆದಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಇನ್ನೂ ದುಡಿಯುತ್ತಿವೆ. ಐದು ಅಶ್ವಶಕ್ತಿಯ ಸಾಮಾನ್ಯ ಪಂಪ್‌ಸೆಟ್ ನಿಮಿಷಕ್ಕೆ 1,500 ಸುತ್ತು ತಿರುಗುತ್ತದೆ. ಬೆಳಿಗ್ಗೆ ಹ್ಯಾಂಡಲ್ ಹೊಡೆದು ಬಿಟ್ಟರೆ ಮಧ್ಯಾಹ್ನದವರೆಗೂ ಅದೇ ಸುತ್ತು, ಅದೇ ಸದ್ದು. ಗದ್ದೆಯ ಆ ಬದಿಯಲ್ಲಿ ಕಳೆ ಕೀಳುತ್ತಿರುವ ರೈತನಿಗೆ ಎಂಜಿನ್ ಕಣ್ಣಿಗೆ ಕಾಣಬೇಕಿಲ್ಲ. ಸದ್ದು ಒಂದೆಳೆ ಏರಿತೆಂದರೆ ಪಂಪು ನೀರು ಬಿಟ್ಟು ಗಾಳಿ ಎಳೆಯುತ್ತಿದೆ ಎಂದು ಕೂತಲ್ಲೇ ಹೇಳುತ್ತಾನೆ.

ಅದೇ ಹೊಸಪೇಟೆ ಬಸ್‌ಸ್ಟ್ಯಾಂಡಿನ ಮುಂದೆ ನಿಂತು ಒಂದು ಬೈಕಿನ ಸದ್ದು ಕೇಳಿ. ಸಿಗ್ನಲ್ಲಿನಲ್ಲಿ ಗೊರಗೊರ, ಬಿಟ್ಟ ತಕ್ಷಣ ಕಿರುಚಾಟ, ಗೇರು ಬಿದ್ದಾಗ ಇಳಿತ, ದನ ಅಡ್ಡ ಬಂದಾಗ ಮತ್ತೆ ಗೊರಗೊರ. ಒಂದು ಫರ್ಲಾಂಗಿನಲ್ಲಿ ಹತ್ತು ಸ್ಥಾಯಿ.

ಎಂಜಿನ್ನುಗಳಲ್ಲಿ ಹೀಗೆ ಎರಡು ಜಾತಿ. ವಿಮಾನದ ಎಂಜಿನ್ನು ನೋಡುವುದಕ್ಕೆ ಬೈಕಿನ ಅಣ್ಣನಂತಿದ್ದರೂ ಸ್ವಭಾವದಲ್ಲಿ ಪಂಪ್‌ಸೆಟ್ಟಿನ ಜಾತಿಯದು. ನೆಲ ಬಿಡುವಾಗ ಪೂರ್ತಿ ಥ್ರಾಟಲ್, ಮೇಲೇರಿದ ಮೇಲೆ ಗಂಟೆಗಟ್ಟಲೆ ಹೆಚ್ಚುಕಮ್ಮಿ ಒಂದೇ ಸುತ್ತು. ಮನೆಯ ಶೆಡ್ಡಿನಲ್ಲಿ ತಾವೇ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳು ಜಗತ್ತಿನ ಹಲವು ಕಡೆ ಇದ್ದಾರೆ. ಅವರಲ್ಲಿ ಕೆಲವರು ಕಾರಿನ ರೋಟರಿ ಎಂಜಿನ್ನನ್ನು ಬಿಚ್ಚಿ ತಂದು ಮೂತಿಗೆ ಕೂರಿಸುತ್ತಾರೆ. ಆಗ ಮೊದಲು ತಲೆ ಕೆಡಿಸುವ ಪ್ರಶ್ನೆ, ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ ಎಷ್ಟುದ್ದ ಇರಬೇಕು ಎಂಬುದು. ಈ ಕೊಳವೆಗಳ ಗುಂಪಿಗೆ ನಮ್ಮ ಗ್ಯಾರೇಜುಗಳಲ್ಲೂ ಮ್ಯಾನಿಫೋಲ್ಡ್ ಅಂತಲೇ ಹೆಸರು.

ಉದ್ದದಿಂದ ಏನಾಗುತ್ತದೆ, ಗಾಳಿ ಹೋದರೆ ಸಾಲದೇ ಎಂದು ಕೇಳಬಹುದು. ಉತ್ತರ ಮತ್ತೆ ಪಂಪ್‌ಸೆಟ್ಟಿನಲ್ಲೇ ಇದೆ. ಉದ್ದನೆಯ ಪೈಪ್‌ಲೈನಿನಲ್ಲಿ ನೀರು ರಭಸದಿಂದ ಹರಿಯುತ್ತಿರುವಾಗ ಕರೆಂಟು ಹೋಗಿ ವಾಲ್ವು ಮುಚ್ಚಿಕೊಂಡರೆ ಪೈಪು ದಡ್ ಎಂದು ಅದುರುತ್ತದೆ. ಓಡುತ್ತಿದ್ದ ನೀರಿಗೆ ತಟ್ಟನೆ ನಿಲ್ಲಲು ಬರುವುದಿಲ್ಲ. ಮುಂದಿನದು ನಿಂತರೂ ಹಿಂದಿನದು ಬಂದು ಗುದ್ದುತ್ತದೆ, ಒತ್ತಡ ಏರುತ್ತದೆ, ಆ ಒತ್ತಡ ಅಲೆಯಾಗಿ ಪೈಪಿನ ತುದಿವರೆಗೆ ಓಡಿ ಮತ್ತೆ ವಾಪಸು ಬರುತ್ತದೆ. ಹಂಪಿಯ ರಾಜಾವರಣದಲ್ಲಿ ಕಲ್ಲಿನ ಕಂಬಗಳ ಮೇಲೆ ಸಾಗುವ ನೀರಿನ ದೋಣಿಗಳಿಗೆ ಈ ಕಾಟವಿಲ್ಲ. ಬಾಯಿ ತೆರೆದ ಕಾಲುವೆಯಲ್ಲಿ ನೀರು ಉಬ್ಬಿ ಸಮಾಧಾನವಾಗುತ್ತದೆ. ಮುಚ್ಚಿದ ಕೊಳವೆಯಲ್ಲಿ ಮಾತ್ರ ಗುದ್ದು.

ಗಾಳಿಯೂ ಹಾಗೇ. ಎಂಜಿನ್ನಿನ ಬಾಗಿಲು, ಅಂದರೆ ಪೋರ್ಟು, ತೆರೆದಾಗ ಗಾಳಿ ಓಡುತ್ತದೆ, ಮುಚ್ಚಿದಾಗ ಗುದ್ದುತ್ತದೆ. ಒತ್ತಡದ ಅಲೆ ಶಬ್ದದ ವೇಗದಲ್ಲಿ ಕೊಳವೆಯೊಳಗೆ ಹೋಗಿ ಬರುತ್ತಿರುತ್ತದೆ. ಹಾಗೆ ಹಿಂತಿರುಗಿದ ಅಲೆ, ಬಾಗಿಲು ಇನ್ನೇನು ಮುಚ್ಚಬೇಕು ಎನ್ನುವ ಗಳಿಗೆಗೆ ಬಂದು ತಲುಪಿದರೆ ಒಂದಿಷ್ಟು ಹೆಚ್ಚಿನ ಗಾಳಿಯನ್ನು ಒಳಗೆ ತಳ್ಳುತ್ತದೆ. ಸಂತೆ ದಿನದ ಬಸ್ಸಿನಲ್ಲಿ ಬಾಗಿಲು ಹಾಕುವ ಮುಂಚೆ ಕಂಡಕ್ಟರು ಕೊನೆಯ ನಾಲ್ಕು ಜನರನ್ನು ಬೆನ್ನಿಗೆ ಕೈಕೊಟ್ಟು ನೂಕುತ್ತಾನಲ್ಲ, ಹಾಗೆ. ಅಲೆ ತಡವಾಗಿ ಬಂದರೆ ಮುಚ್ಚಿದ ಬಾಗಿಲಿಗೆ ಬಡಿದು ವ್ಯರ್ಥ. ಇನ್ನೂ ಕೆಟ್ಟದ್ದೆಂದರೆ ಹೊತ್ತಲ್ಲದ ಹೊತ್ತಿನಲ್ಲಿ ಕಡಿಮೆ ಒತ್ತಡದ ಅಲೆ ಬಂದು ಒಳಗಿದ್ದ ಗಾಳಿಯನ್ನೇ ಹೊರಗೆ ಎಳೆಯುವುದು. ಅಲೆಯ ವೇಗ ನಮ್ಮ ಕೈಯಲ್ಲಿಲ್ಲ. ಅದು ನಡೆಯಬೇಕಾದ ದಾರಿಯ ಉದ್ದ ಮಾತ್ರ ನಮ್ಮ ಕೈಯಲ್ಲಿದೆ.

ಹಂಪಿಗೆ ಬಂದವರೊಬ್ಬರು ಇದನ್ನು ಕೇಳಿ, ವಿಠ್ಠಲ ದೇವಸ್ಥಾನದ ಸಪ್ತಸ್ವರದ ಕಂಬಗಳ ಹಾಗೆ ಅನ್ನಿ ಎಂದಿದ್ದರು. ಅಲ್ಲ. ಆ ಕಂಬಗಳು ಪೊಳ್ಳಿರಬೇಕೆಂದು ಬ್ರಿಟಿಷರು ಎರಡನ್ನು ಕೊಯ್ದು ನೋಡಿದರು ಎಂಬ ಕಥೆಯನ್ನು ಗೈಡುಗಳು ಇವತ್ತಿಗೂ ಹೇಳುತ್ತಾರೆ. ಕಲ್ಪಾಕ್ಕಮ್ಮಿನ ಇಂದಿರಾಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಕುಂದಾಗದಂತೆ ಪರೀಕ್ಷಿಸಿ, ಅವು ಗಟ್ಟಿ ಕಲ್ಲೇ, ಬಾಗಿ ಕಂಪಿಸುವುದರಿಂದ ಸದ್ದು ಬರುತ್ತದೆ ಎಂದು ತೋರಿಸಿದ್ದಾರೆ. ಅಲ್ಲಿ ನುಡಿಯುವುದು ಕಲ್ಲು. ನಮ್ಮ ಮ್ಯಾನಿಫೋಲ್ಡಿನಲ್ಲಿ ನುಡಿಯುವುದು ಒಳಗಿನ ಗಾಳಿ. ಕೊಳವೆ ಅಲ್ಯೂಮಿನಿಯಮ್ಮಿನದೋ ಕಬ್ಬಿಣದ್ದೋ ಎಂಬುದು ಈ ಲೆಕ್ಕಕ್ಕೆ ಮುಖ್ಯವಲ್ಲ. ವಿರೂಪಾಕ್ಷನ ರಥದ ಮುಂದೆ ಊದುವ ಕಹಳೆಯೇ ಇದಕ್ಕೆ ಹತ್ತಿರದ ನೆಂಟ.

ಈಗ ರೋಟರಿ ಎಂಜಿನ್ನು. ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳೇ ಗರಗರ ತಿರುಗುತ್ತಿದ್ದ ಎಂಜಿನ್ನಿಗೂ ಇದೇ ಹೆಸರಿತ್ತು, ಅದು ಬೇರೆ. ನಾನು ಹೇಳುತ್ತಿರುವುದು ಜರ್ಮನಿಯ ಫೆಲಿಕ್ಸ್ ವಾಂಕೆಲ್‌ನ ಎಂಜಿನ್ನು. ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲ ಬಾರಿಗೆ ಓಡಿದ್ದು. ಇದರಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ, ವಾಲ್ವುಗಳಿಲ್ಲ. ಸೊಂಟದಲ್ಲಿ ಸ್ವಲ್ಪ ಒತ್ತಿದ ಮೊಟ್ಟೆಯಾಕಾರದ ಒಂದು ಮನೆ, ಅದರೊಳಗೆ ಉಬ್ಬಿದ ಸಮೋಸದಂಥ ಮುಮ್ಮೂಲೆಯ ರೋಟರು. ರೋಟರು ಸುತ್ತುತ್ತಾ ಹೋದಂತೆ ಅದರ ಮೂರು ಮುಖಗಳಿಗೂ ಮನೆಯ ಗೋಡೆಗೂ ನಡುವಿನ ಜಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆಯುವುದು, ಒತ್ತುವುದು, ಸಿಡಿಯುವುದು, ಹೊಗೆ ತಳ್ಳುವುದು ಎಲ್ಲ ಅದರಲ್ಲೇ. ಗೋಡೆಯಲ್ಲಿರುವ ಪೋರ್ಟನ್ನು ತೆರೆಯುವುದೂ ಮುಚ್ಚುವುದೂ ರೋಟರಿನ ಪಕ್ಕೆಯೇ. ರೋಟರು ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಮೂರು ಸುತ್ತು ಹಾಕಿರುತ್ತದೆ. ಮುಖಗಳು ಮೂರು, ಹಾಗಾಗಿ ಶಾಫ್ಟಿನ ಪ್ರತಿ ಸುತ್ತಿಗೂ ಒಂದು ಗುಟುಕು ಗಾಳಿ.

ಈ ಎಂಜಿನ್ನಿಗೂ ಕನ್ನಡನಾಡಿಗೂ ಒಂದು ನಂಟಿದೆ, ಅದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಭಾರತದಲ್ಲೇ ರೂಪಿಸಿದ ಮೊದಲ ವಾಂಕೆಲ್ ಎಂಜಿನ್ನು ಹಾರಿದ್ದು ಕೋಲಾರದ ಹತ್ತಿರದ ಏರ್‌ಸ್ಟ್ರಿಪ್ಪಿನಿಂದ, 2009ರ ಮಾರ್ಚ್ 29ರಂದು, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ನಿಶಾಂತ್ ಎಂಬ ಪೈಲಟ್ ಇಲ್ಲದ ವಿಮಾನದಲ್ಲಿ. ಅದುವರೆಗೆ ನಿಶಾಂತ್‌ಗೆ ಹೊರದೇಶದ ಎಂಜಿನ್ನೇ ಗತಿಯಾಗಿತ್ತು. ಹೊಸ ಎಂಜಿನ್ನಿನ ಒಡಲನ್ನು ರೂಪಿಸಿದ್ದು ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್. ಇಂಧನ, ಇಗ್ನಿಷನ್ ಮುಂತಾದ ಹೊರಭಾಗಗಳು ಅಹ್ಮದ್‌ನಗರದ ವಿಆರ್‌ಡಿಇ ಪ್ರಯೋಗಾಲಯದ್ದು. ಹಾರಿಸಿ ನೋಡಿದ್ದು ಬೆಂಗಳೂರಿನಲ್ಲೇ ಇರುವ ಡಿಆರ್‌ಡಿಒ ಪ್ರಯೋಗಾಲಯ ಎಡಿಇ. 55 ಅಶ್ವಶಕ್ತಿಯ ಎಂಜಿನ್ನಿನ ತೂಕ ಸುಮಾರು 30 ಕಿಲೊ, ಅಂದರೆ ಒಂದು ಸಿಮೆಂಟ್ ಚೀಲಕ್ಕಿಂತ ಹಗುರ. ಅದೇ ತೂಕಕ್ಕೆ ಕಂಪ್ಲಿಯ ಪಂಪ್‌ಸೆಟ್ಟಿನ ಫ್ಲೈವೀಲೂ ಬರುವುದು ಕಷ್ಟ. ಆ ದಿನ ವಿಮಾನ 1.8 ಕಿಲೊಮೀಟರ್ ಎತ್ತರಕ್ಕೇರಿ, ಒಟ್ಟು 40 ನಿಮಿಷ ಹಾರಿ, ಕೆಡದೆ ಕೈಗೆ ಸಿಕ್ಕಿತು. ಆಮೇಲೆ ನಿಶಾಂತ್ ಸೇನೆಯಲ್ಲಿ ಹೆಚ್ಚು ಕಾಲ ಬಾಳಲಿಲ್ಲ, ಅದರೊಂದಿಗೆ ಎಂಜಿನ್ನಿನ ಮಾತೂ ಹಿಂದೆ ಸರಿಯಿತು. ಅಲ್ಯೂಮಿನಿಯಮ್ ಮನೆಯ ಒಳಗೋಡೆಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ಲೇಪ ಕೊಡುವ ವಿದ್ಯೆಯನ್ನು ಇಲ್ಲಿಯೇ ಕೈವಶ ಮಾಡಿಕೊಂಡದ್ದು ಸಣ್ಣ ಮಾತಾಗಿರಲಿಲ್ಲ. ರೋಟರಿನ ಮೂಲೆಗಳಲ್ಲಿರುವ ಸೀಲುಗಳು ಪ್ರತಿ ಸುತ್ತಿಗೂ ಆ ಗೋಡೆಯನ್ನು ಉಜ್ಜಿಕೊಂಡೇ ಹೋಗಬೇಕು.

ಹವ್ಯಾಸಿಗಳ ಕೈಗೆ ಸುಲಭವಾಗಿ ಸಿಗುವುದು ಮಾತ್ರ ಜಪಾನಿನ ಮಜ್ದಾದ 13ಬಿ. ಎರಡು ರೋಟರು, ಒಂದೊಂದಕ್ಕೂ 654 ಸಿಸಿ. ನಡುಕ ಕಡಿಮೆ, ಬಿಡಿಭಾಗ ಕಡಿಮೆ. ಕೆಡುವಾಗಲೂ ಸಾಮಾನ್ಯವಾಗಿ ಒಮ್ಮೆಲೇ ಕೈಕೊಡದೆ ಶಕ್ತಿ ಇಳಿಸುತ್ತಾ ಹೋಗುತ್ತದೆ. ಆಕಾಶದಲ್ಲಿರುವವನಿಗೆ ಈ ಗುಣದ ಬೆಲೆ ಗೊತ್ತು. ಬದಲಿಗೆ ಇದು ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಕಾಯುತ್ತದೆ, ಅರಚುತ್ತದೆ. ಪ್ರೊಪೆಲ್ಲರಿಗೆ ಬೇಕಾದದ್ದು 2,000ದಿಂದ 2,700 ಸುತ್ತು, ಎಂಜಿನ್ನು ಮೈದುಂಬಿ ದುಡಿಯುವುದು 6,000ದ ಆಸುಪಾಸು. ನಡುವೆ ಗೇರುಪೆಟ್ಟಿಗೆ ಬೇಕೇ ಬೇಕು.

ಮಜ್ದಾದವರು 1980ರ ದಶಕದಲ್ಲಿ ಈ ಎಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಒಂದು ಜಾಣತನ ಮಾಡಿದರು. ಒಂದು ರೋಟರಿನ ಪೋರ್ಟು ತೆರೆದ ಕ್ಷಣ, ಒಳಗೆ ಉಳಿದ ಹೊಗೆಯ ಒತ್ತಡ ಹೊರಗಿನ ಕೊಳವೆಗೆ ಒಂದು ಗುದ್ದು ಕೊಡುತ್ತದೆ. ಸಾಮಾನ್ಯವಾಗಿ ಇದು ಉಪದ್ರವ. ಆ ಗುದ್ದು ಕೊಳವೆಯಲ್ಲಿ ಹೊರಟು, ಎರಡೂ ಕೊಳವೆಗಳು ಕೂಡುವ ಗಾಳಿಪೆಟ್ಟಿಗೆ ದಾಟಿ, ಪಕ್ಕದ ರೋಟರಿನ ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿ ತಲುಪುವಂತೆ ಅವರು ಉದ್ದ ಹೊಂದಿಸಿದರು. ಅಣ್ಣ ಬಿಟ್ಟ ತೇಗು ತಮ್ಮನ ತಟ್ಟೆಗೆ ತುತ್ತಾಯಿತು ಎನ್ನಬಹುದು, ಹೇಳುವುದಕ್ಕೆ ಅಷ್ಟು ಚೆನ್ನಾಗಿಲ್ಲದಿದ್ದರೂ.

ಲೆಕ್ಕ ಮಾಡಿಯೇ ನೋಡೋಣ, ಹೈಸ್ಕೂಲಿನ ಗಣಿತ ಸಾಕು. ಪೋರ್ಟು ಶಾಫ್ಟಿನ 288 ಡಿಗ್ರಿಯಷ್ಟು ಹೊತ್ತು ತೆರೆದಿರುತ್ತದೆ ಎಂದಿಟ್ಟುಕೊಳ್ಳಿ. ಎರಡು ರೋಟರುಗಳ ಸರದಿಯ ನಡುವೆ 180 ಡಿಗ್ರಿ ಅಂತರ. ಅಂದರೆ ಒಂದರ ಬಾಗಿಲು ತೆರೆದ 108 ಡಿಗ್ರಿಯ ನಂತರ ಇನ್ನೊಂದರದ್ದು ಮುಚ್ಚುತ್ತದೆ. 6,000 ಸುತ್ತಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ನೂರರಲ್ಲೊಂದು ಪಾಲು. ಹಾಗಾದರೆ 108 ಡಿಗ್ರಿಗೆ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಮೂರು ಪಾಲಿನಲ್ಲಿ ಓಡುವುದು ಒಂದು ಮೀಟರಿಗೆ ಮೂರು ಸೆಂಟಿಮೀಟರ್ ಹೆಚ್ಚು. ಒಂದು ರೋಟರಿನ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಕೊಳವೆಯ ದಾರಿ ಅಷ್ಟಿರಬೇಕು. ಎಂಜಿನ್ನು 3,000 ಸುತ್ತಿನಲ್ಲಿದ್ದರೆ ದಾರಿ ಎರಡು ಮೀಟರ್ ಆಗಬೇಕಿತ್ತು, 9,000ದಲ್ಲಿ ಮುಕ್ಕಾಲು ಮೀಟರಿಗೂ ಕಡಿಮೆ. ಬಾಗುಗಳು, ಕವಲುಗಳು, ಪೆಟ್ಟಿಗೆಯ ಗಾತ್ರ ಎಲ್ಲ ಸೇರಿ ಇದನ್ನು ಆಚೀಚೆ ಮಾಡುತ್ತವೆ, ಆದರೆ ಮೊದಲ ಗೆರೆ ಎಲ್ಲಿ ಹಾಕಬೇಕೆಂದು ಗೊತ್ತಾಯಿತಲ್ಲ.

ಕಾರಿನವರ ಸಂಕಟ ಇಲ್ಲೇ ಇರುವುದು. ಅವರಿಗೆ 2,000ದಲ್ಲೂ ಬೇಕು, 8,000ದಲ್ಲೂ ಬೇಕು. 1991ರಲ್ಲಿ ಲ ಮಾನ್ 24 ಗಂಟೆಗಳ ರೇಸನ್ನು ಗೆದ್ದ ಮಜ್ದಾ 787ಬಿ ಕಾರಿನ ನಾಲ್ಕು ರೋಟರಿನ ಎಂಜಿನ್ನಿನಲ್ಲಿ ಗಾಳಿಯ ಕೊಳವೆಗಳು ದೂರದರ್ಶಕದ ಹಾಗೆ ಒಂದರೊಳಗೊಂದು ಜಾರಿ, ಓಡುವಾಗಲೇ ಉದ್ದ ಬದಲಿಸುತ್ತಿದ್ದವು. ವಿಮಾನ ಕಟ್ಟುವವನು ಆ ಫೋಟೊ ನೋಡಿ ಆಸೆಪಡುವುದುಂಟು. ಪಡಬಾರದು ಎಂಬುದು ನನ್ನ ವಾದ. ಅವನದು ಪಂಪ್‌ಸೆಟ್ ಜಾತಿಯ ಎಂಜಿನ್ನು, ಒಂದೇ ಶ್ರುತಿ. ಒಂದೇ ಉದ್ದವನ್ನು ಸರಿಯಾಗಿ ಕೊಯ್ದುಕೊಂಡರೆ ಮುಗಿಯಿತು. ಜಾರುವ ಕೊಳವೆ, ಅದಕ್ಕೊಂದು ಮೋಟಾರು, ಅದಕ್ಕೊಂದು ಕಂಪ್ಯೂಟರು ಎಲ್ಲವೂ ತೂಕ. ಎಲ್ಲವೂ ಆಕಾಶದಲ್ಲಿ ಕೈಕೊಡಬಹುದಾದ ವಸ್ತುಗಳು. ಕಾರಿನ ಮೂಲ ಮ್ಯಾನಿಫೋಲ್ಡನ್ನೇ ಇಟ್ಟುಕೊಳ್ಳೋಣವೆಂದರೆ ಅದು ಗೋಪುರದ ಹಾಗೆ ಎದ್ದು ನಿಲ್ಲುತ್ತದೆ, ವಿಮಾನದ ಮೂತಿಯ ಮುಚ್ಚಳದೊಳಗೆ ಹಿಡಿಸುವುದಿಲ್ಲ. ಆದ್ದರಿಂದ ಅಲ್ಯೂಮಿನಿಯಮ್ ಪೈಪು ಬಗ್ಗಿಸಿ, ಬೆಸುಗೆ ಹಾಕಿ, ಸ್ವಂತದ್ದೇ ಮಾಡಿಕೊಳ್ಳಬೇಕು.

ಪೈಪಿನ ದಪ್ಪದ ಬಗ್ಗೆಯೂ ಒಂದು ಮಾತು. ಸಣ್ಣದಾದರೆ ಗಾಳಿ ವೇಗವಾಗಿ ಓಡುತ್ತದೆ, ಗುದ್ದು ಜೋರು, ಆದರೆ ಉಜ್ಜಾಟವೂ ಜೋರು. ಒಂದು ರೋಟರಿಗೆ 44 ಮಿಲಿಮೀಟರ್ ಒಳವ್ಯಾಸದ ಒಂದೇ ಕೊಳವೆ ಕೊಟ್ಟರೆ 6,000 ಸುತ್ತಿನಲ್ಲಿ, ಬಾಗಿಲು ತೆರೆದಿರುವಷ್ಟು ಹೊತ್ತು, ಗಾಳಿ ಅದರಲ್ಲಿ ಸರಾಸರಿ ಸೆಕೆಂಡಿಗೆ 54 ಮೀಟರ್ ವೇಗದಲ್ಲಿ ಹೋಗುತ್ತದೆ. ಗಂಟೆಗೆ 190 ಕಿಲೊಮೀಟರಿಗೂ ಹೆಚ್ಚಾಯಿತು. ಕೊಳವೆಯ ಹೊರಬಾಯಿಯನ್ನು ಕತ್ತರಿಸಿದ ಅಂಚಾಗಿ ಬಿಡದೆ ಉಮ್ಮತ್ತಿ ಹೂವಿನಂತೆ ಅರಳಿಸುವುದು ಇದಕ್ಕೇ. ಚೂಪು ಅಂಚಿನಲ್ಲಿ ಗಾಳಿ ಸುಳಿ ತಿರುಗಿ ದಾರಿ ಕಿರಿದು ಮಾಡಿಕೊಳ್ಳುತ್ತದೆ.

ಇಷ್ಟೆಲ್ಲ ನಮ್ಮ ಊರಿನ ಬಿಸಿಲಿಗೆ ತಂದು ನೋಡಿದರೆ ಹೊಸ ತೊಡಕು ಶುರು. ಹೊಸಪೇಟೆ ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಮೇಲಿದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಆ ಎತ್ತರ, ಆ ಬಿಸಿ ಸೇರಿದರೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ 15 ಡಿಗ್ರಿ ಗಾಳಿಗಿಂತ ಸುಮಾರು ಶೇ 13ರಷ್ಟು ಕಡಿಮೆ. ಎಂಜಿನ್ ತಯಾರಕರು ಹೇಳುವ ಅಶ್ವಶಕ್ತಿ ಆ ತಂಪು ಗಾಳಿಯದು. 160 ಅಶ್ವಶಕ್ತಿ ಎಂದು ನಂಬಿ ಕೂತರೆ ಇಲ್ಲಿ 20 ಅಶ್ವಗಳು ಲಾಯದಲ್ಲೇ ಉಳಿಯುತ್ತವೆ. ವಿಮಾನದವರ ಕೋಷ್ಟಕದ ಪ್ರಕಾರ ಮಧ್ಯಾಹ್ನದ ಹೊಸಪೇಟೆ 1,400 ಮೀಟರಿಗೂ ಎತ್ತರದ ಊರು, ಹೆಚ್ಚುಕಡಿಮೆ ನಂದಿಬೆಟ್ಟದ ನೆತ್ತಿ. ರೆಕ್ಕೆಗೂ ಅದೇ ತೆಳು ಗಾಳಿ, ಪ್ರೊಪೆಲ್ಲರಿಗೂ ಅದೇ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಹತ್ತಿರ ವಿದ್ಯಾನಗರ ವಿಮಾನ ನಿಲ್ದಾಣದಿಂದ ಮೇಲೇಳುವ ಪ್ರಯಾಣಿಕರ ವಿಮಾನಗಳ ಪೈಲಟ್ಟುಗಳೂ ಬೇಸಿಗೆಯಲ್ಲಿ ಈ ಲೆಕ್ಕ ಹಾಕಿಯೇ ಹೊರಡಬೇಕು. ಅವರ ಬಳಿ ಉದ್ದನೆಯ ರನ್‌ವೇ ಇದೆ, ಬಲವಾದ ಎಂಜಿನ್ನಿದೆ. ಸಣ್ಣ ವಿಮಾನದವನ ಬಳಿ ಎರಡೂ ಕಡಿಮೆ.

ಕೊಳವೆಯ ಶ್ರುತಿಯಿಂದ ಶೇ 13 ವಾಪಸು ಬರುತ್ತದೆಯೇ? ಪೂರ್ತಿ ಬರುವುದಿಲ್ಲ. ಚೆನ್ನಾಗಿ ಕೂತರೆ ಕೆಲವು ಶೇಕಡಾ ಬರುತ್ತದೆ, ಅದೂ ಆ ಒಂದು ಸುತ್ತಿನ ಆಸುಪಾಸಿನಲ್ಲಿ. ಇಲ್ಲಿ ಹವ್ಯಾಸಿಗಳು ಒಂದು ತಪ್ಪು ಮಾಡುತ್ತಾರೆ. ಸೆಂಟಿಮೀಟರು ಮಿಲಿಮೀಟರು ಅಂತ ವಾರಗಟ್ಟಲೆ ಕೊಳವೆ ಅಳೆದು, ಕೊನೆಗೆ ಅದರ ಬಾಯಿಯನ್ನು ಎಂಜಿನ್ ಮುಚ್ಚಳದ ಒಳಗೇ ಬಿಡುತ್ತಾರೆ. ಅಲ್ಲಿನ ಗಾಳಿ 70 ಡಿಗ್ರಿ ಕಾದಿರಬಹುದು. ಹೊರಗಿನ 40 ಡಿಗ್ರಿ ಗಾಳಿಗೂ ಅದಕ್ಕೂ ಸಾಂದ್ರತೆಯಲ್ಲಿ ಸುಮಾರು ಶೇ 9ರ ವ್ಯತ್ಯಾಸ. ಕಷ್ಟಪಟ್ಟು ಗಳಿಸಿದ್ದೆಲ್ಲ ಅಲ್ಲೇ ಹೋಯಿತು. ಹೊಸಪೇಟೆಯ ಲಾರಿ ಮೆಕ್ಯಾನಿಕ್ ಒಬ್ಬರ ಮುಂದೆ ಈ ಪ್ರಸ್ತಾಪ ಎತ್ತಿದ್ದೆ. ಅವರು ಸ್ಪ್ಯಾನರು ಕೆಳಗಿಡದೆಯೇ ಹೇಳಿದರು: “ಲಾರಿಗೆ ಯಾಕ್ ಸಾರ್ ಏರ್ ಪೈಪು ಕ್ಯಾಬಿನ್ ಹಿಂದ್ಗಡೆ ಮ್ಯಾಲಕ್ಕೆ ನಿಲ್ಸಿರ್ತಾರ? ತಣ್ಣಗಿರೋ ಗಾಳಿ, ಧೂಳಿಲ್ದಿರೋ ಗಾಳಿ ಬೇಕು ಅಂತ.” ಎರಡು ವಾಕ್ಯದಲ್ಲಿ ಮ್ಯಾನಿಫೋಲ್ಡ್ ಶಾಸ್ತ್ರದ ಮೊದಲ ಅಧ್ಯಾಯ ಮುಗಿಯಿತು.

ಧೂಳಿನ ಮಾತು ಅವರ ಬಾಯಲ್ಲಿ ಬಂದದ್ದು ಸಹಜ. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಳಿಗೆ ತಡೆ ಹಾಕುವ ಮುಂಚಿನ ವರ್ಷಗಳಲ್ಲಿ ಸಂಡೂರು ರಸ್ತೆಯ ಮರಗಳ ಎಲೆಯೂ ಕೆಂಪಾಗಿತ್ತು, ಲಾರಿಗಳ ಏರ್ ಫಿಲ್ಟರ್ ಬಿಚ್ಚಿದರೆ ಕುಂಕುಮದ ಭರಣಿ ಬಿಚ್ಚಿದಂತಿರುತ್ತಿತ್ತು. ಕಬ್ಬಿಣದ ಅದಿರಿನ ಆ ಪುಡಿ ಯಾವ ಎಂಜಿನ್ನಿಗೂ ಒಳ್ಳೆಯದಲ್ಲ. ರೋಟರಿಗಂತೂ ಮೂಲೆಯ ಸೀಲಿಗೂ ಲೇಪದ ಗೋಡೆಗೂ ನಡುವೆ ಅದು ಅರದ ಕೆಲಸ ಮಾಡುತ್ತದೆ. ಫಿಲ್ಟರು ಹಾಕಿದರೆ ಗಾಳಿಗೆ ತಡೆ, ಹಾಕದಿದ್ದರೆ ಎಂಜಿನ್ನಿಗೆ ಆಯುಷ್ಯವಿಲ್ಲ. ನಮ್ಮ ಸೀಮೆಯಲ್ಲಿ ದೊಡ್ಡ ಫಿಲ್ಟರು ಹಾಕಿ ಎನ್ನುವುದೇ ಸರಿ. ಅದನ್ನು ಗಾಳಿಪೆಟ್ಟಿಗೆಯ ಹಿಂದೆ ಇಟ್ಟರೆ ಕೊಳವೆಯ ಶ್ರುತಿಗೆ ಅದರಿಂದ ಹೆಚ್ಚು ಬಾಧೆಯಿಲ್ಲ.

ಲೆಕ್ಕ ಕೊಟ್ಟ ಉದ್ದವನ್ನು ಪರೀಕ್ಷಿಸುವುದಕ್ಕೆ ಪ್ರಯೋಗಾಲಯ ಬೇಡ. ಕೊಳವೆಯ ನಡುವೆ ಜಾರುವ ತೋಳು ಇಟ್ಟುಕೊಳ್ಳುವುದು, ಅದು ಪರೀಕ್ಷೆಗೆ ಮಾತ್ರ. ವಿಮಾನವನ್ನು ಗೂಟಕ್ಕೆ ಬಿಗಿಯಾಗಿ ಕಟ್ಟಿ, ಚಕ್ರಕ್ಕೆ ಕಲ್ಲು ಕೊಟ್ಟು, ಪೂರ್ತಿ ಥ್ರಾಟಲ್ ಕೊಟ್ಟಾಗ ಎಷ್ಟು ಸುತ್ತು ಬರುತ್ತದೆ ನೋಡುವುದು. ಪ್ರೊಪೆಲ್ಲರಿನ ಮುಂದೆ ಯಾರೂ ಸುಳಿಯಬಾರದು ಎಂದು ಬೇರೆ ಹೇಳಬೇಕಿಲ್ಲ. ಕೋನ ಬದಲಾಗದ ಪ್ರೊಪೆಲ್ಲರೇ ಇಲ್ಲಿ ತಕ್ಕಡಿ. ಅದು ಬೇಡುವ ಶಕ್ತಿ ಸುತ್ತಿನ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಸುತ್ತು ಶೇ 2ರಷ್ಟು ಏರಿದ್ದು ಕಂಡರೆ ಶಕ್ತಿ ಶೇ 6ರಷ್ಟು ಏರಿದೆ ಎಂದರ್ಥ. ತೋಳನ್ನು ಎರಡೆರಡು ಸೆಂಟಿಮೀಟರ್ ಜಾರಿಸುತ್ತಾ, ಪ್ರತಿ ಸಲ ಸುತ್ತು ಬರೆದುಕೊಳ್ಳುತ್ತಾ ಹೋದರೆ ಒಂದು ಕಡೆ ಏರಿ ಮತ್ತೆ ಇಳಿಯುವುದು ಕಾಣುತ್ತದೆ. ಏರಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ.

ಆದರೆ ಬೆಳಗಿನ ಆರಕ್ಕೆ ಎಳೆದ ಗೆರೆ ಮಧ್ಯಾಹ್ನ ಎರಡಕ್ಕೆ ಅಲ್ಲಿರುವುದಿಲ್ಲ. ಬಿಸಿ ಗಾಳಿಯಲ್ಲಿ ಶಬ್ದ ಬೇಗ ಓಡುತ್ತದೆ. 20 ಡಿಗ್ರಿಯಲ್ಲಿ 343 ಮೀಟರ್ ಇದ್ದದ್ದು 40 ಡಿಗ್ರಿಯಲ್ಲಿ 355 ಮೀಟರ್ ಆಗುತ್ತದೆ. ಒಂದು ಮೀಟರಿನ ದಾರಿಗೆ ಮೂರೂವರೆ ಸೆಂಟಿಮೀಟರ್ ಹೆಚ್ಚು ಬೇಕು. ತಂಪು ಹೊತ್ತಿನ ಗೆರೆಗೂ ಬಿಸಿಲಿನ ಗೆರೆಗೂ ನಡುವೆ ಎರಡು ಬೆರಳಿನಷ್ಟು ಅಂತರ. ಗರಗಸ ಯಾವುದರ ಮೇಲೆ ಇಡಬೇಕು ಎಂಬುದಕ್ಕೆ ಪುಸ್ತಕಗಳು ಉತ್ತರ ಕೊಡುವುದಿಲ್ಲ, ಅವನ್ನು ಬರೆದವರ ಊರಿನಲ್ಲಿ ಮೇ ತಿಂಗಳು ಬೇರೆ. ಮುಂಜಾನೆ ಎಂಜಿನ್ನಿಗೂ ರೆಕ್ಕೆಗೂ ಗಾಳಿ ಧಾರಾಳ, ಶಕ್ತಿ ಸ್ವಲ್ಪ ಕಡಿಮೆಯಾದರೂ ವಿಮಾನ ನೆಲ ಬಿಡುತ್ತದೆ. ಮಧ್ಯಾಹ್ನ ಹೊಸಪೇಟೆಯಿಂದ ಎದ್ದು ಸಂಡೂರಿನ ಗುಡ್ಡಸಾಲಿನ ಕಡೆ ಮೂತಿ ಮಾಡಿದವನಿಗೆ ಒಂದೊಂದು ಅಶ್ವವೂ ಬೇಕು. ನಾನಾದರೆ ಎರಡನೇ ಗೆರೆಗೆ ಕೊಯ್ಯುತ್ತೇನೆ.